ಉತ್ತೇಜಕವಲ್ಲದ ಎಡಿಎಚ್‌ಡಿ ಔಷಧ: ಆರಂಭಿಸುವುದು ಹೇಗೆ, ನಿಲ್ಲಿಸುವುದು ಹೇಗೆ

ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ ಇವುಗಳ ತೊಂದರೆಯಾದ ಎಡಿಎಚ್‌ಡಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಮೀಥೈಲ್‌ಫೆನಿಡೇಟ್‌ನಂಥ ಉತ್ತೇಜಕ ಔಷಧವನ್ನು. ಅದರಿಂದ ಫಲ ಸಿಗದಿದ್ದಾಗ, ಹಸಿವು ಮತ್ತು ನಿದ್ದೆ ತೀರಾ ಕೆಟ್ಟಾಗ ಅಥವಾ ಮಾದಕ ವ್ಯಸನದ ಹಿನ್ನೆಲೆಯಿದ್ದಾಗ ಅಟೊಮಾಕ್ಸೆಟಿನ್‌ನಂಥ, ಉತ್ತೇಜಕವಲ್ಲದ ಔಷಧದ ಮಾತು ಬರುತ್ತದೆ.

ವೈದ್ಯರನ್ನು ಕಾಣುವ ಮೊದಲು, ಈಗ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ ಮಾಡಿಕೊಳ್ಳಿ. ಇದು ಬರೀ ಶಿಷ್ಟಾಚಾರವಲ್ಲ: ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಅಥವಾ ಪ್ಯಾರಾಕ್ಸೆಟಿನ್ ಜೊತೆಗಿದ್ದರೆ ರಕ್ತದಲ್ಲಿ ಅಟೊಮಾಕ್ಸೆಟಿನ್‌ನ ಪ್ರಮಾಣ ಬಹಳ ಏರುತ್ತದೆ. ರಕ್ತದೊತ್ತಡ, ನಾಡಿಬಡಿತ, ತೂಕಗಳನ್ನು ಅಳೆಸಿ, ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಅಥವಾ ಯಕೃತ್ತಿನ ತೊಂದರೆ ಇದ್ದರೆ ಮರೆಯದೆ ತಿಳಿಸಿ.

ಅಮೆರಿಕದಲ್ಲಿ 2002ರಲ್ಲಿ ಅನುಮತಿ ಪಡೆದ ಅಟೊಮಾಕ್ಸೆಟಿನ್, ಮಿದುಳಿನಲ್ಲಿ ನಾರ್‌ಎಪಿನೆಫ್ರಿನ್ ಎಂಬ, ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಮಕ್ಕಳಲ್ಲಿ ತೂಕವೇ ಇದರ ಪ್ರಮಾಣವನ್ನು ನಿರ್ಧರಿಸುತ್ತದೆ. 30 ಕಿಲೋ ತೂಕದ ಮಗುವಿಗೆ ದಿನಕ್ಕೆ ಸುಮಾರು 15 ಮಿಲಿಗ್ರಾಂನಿಂದ ಆರಂಭಿಸಿ, ವೈದ್ಯರು ಅದನ್ನು 36ರ ಆಸುಪಾಸಿಗೆ ಏರಿಸುವುದುಂಟು. ಕ್ಯಾಪ್ಸೂಲನ್ನು ಬಿಚ್ಚಬಾರದು, ಒಳಗಿನ ಪುಡಿ ಕಣ್ಣಿಗೆ ತಗುಲಿದರೆ ಉರಿಯುತ್ತದೆ. ವಾಕರಿಕೆ ಬಂದರೆ ಊಟದ ಜೊತೆ ನುಂಗಬಹುದು.

ಹೆಚ್ಚಿನವರು ಎಡವುವುದು ಕಾಯುವ ಹಂತದಲ್ಲಿ. ಉತ್ತೇಜಕದ ಪರಿಣಾಮ ಅದೇ ದಿನ ಕಾಣುತ್ತದೆ. ಅಟೊಮಾಕ್ಸೆಟಿನ್‌ಗೆ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಎರಡನೇ ವಾರಕ್ಕೇ ‘ಇದು ಕೆಲಸ ಮಾಡುತ್ತಿಲ್ಲ’ ಎಂದು ಕೈಬಿಡುವ ಬದಲು, ‘ಸಂಜೆ ನಾಲ್ಕಕ್ಕೆ ತೂಕಡಿಕೆ, ಲೆಕ್ಕದ ಪುಟ ಪೂರ್ತಿಯಾಯಿತು’ ಎಂಬಂಥ ಒಂದು ಸಾಲನ್ನು ದಿನವೂ ಬರೆದಿಟ್ಟರೆ, ನೆನಪಿಗಿಂತ ಅದೇ ನಂಬಿಕಸ್ಥ ಸಾಕ್ಷಿ. ಆದರೆ ಮಗುವಿನ ಮನಸ್ಥಿತಿ ಹಠಾತ್ತನೆ ಬದಲಾದರೆ, ಸಾಯುವ ಮಾತು ಬಂದರೆ, ಕಣ್ಣು ಹಳದಿಗಟ್ಟಿದರೆ ಕಾಯದೆ ಕೂಡಲೇ ವೈದ್ಯರನ್ನು ಸಂಪರ್ಕಿಸಿ.

ಎಡಿಎಚ್‌ಡಿಗೆ ಕೊಡುವ ಗ್ವಾನ್‌ಫಸಿನ್ ಮತ್ತು ಕ್ಲೋನಿಡಿನ್ ಮೂಲತಃ ರಕ್ತದೊತ್ತಡದ ಔಷಧಗಳು. ಇವುಗಳ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಅಗಿಯದೆ, ಮುರಿಯದೆ ನುಂಗಬೇಕು. ನಿದ್ದೆಗಣ್ಣು, ತಲೆಸುತ್ತು ಸಾಮಾನ್ಯ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಿಲೋಕ್ಸಜಿನ್ ಸೇವಿಸುವವರು ಕಾಫಿಯನ್ನು ಮಿತಗೊಳಿಸುವುದು ಒಳ್ಳೆಯದು, ಏಕೆಂದರೆ ಈ ಔಷಧ ದೇಹದಲ್ಲಿ ಕೆಫೀನ್ ಕರಗುವುದನ್ನು ತಡೆಯುತ್ತದೆ. ಬ್ಯುಪ್ರೊಪಿಯಾನ್ ಅನ್ನು ಕೆಲವು ವಯಸ್ಕರಿಗೆ ಕೊಡುವುದುಂಟು, ಮೂರ್ಛೆರೋಗ ಇರುವವರಿಗೆ ಮಾತ್ರ ಕೂಡದು.

ನಿಲ್ಲಿಸುವಾಗ ಗ್ವಾನ್‌ಫಸಿನ್ ಮತ್ತು ಕ್ಲೋನಿಡಿನ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಒಮ್ಮೆಲೇ ಏರಬಹುದಾದ್ದರಿಂದ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಹೀಗಾಗಿ ಮಾತ್ರೆಗಳು ಮುಗಿಯುವ ಒಂದು ವಾರ ಮೊದಲೇ ಮುಂದಿನದನ್ನು ತಂದಿಟ್ಟುಕೊಳ್ಳಿ.