ಸೋಲಾರ್ ದೋಣಿ: ಕತ್ತಲಾದ ಮೇಲೆ ಹೊಳೆಗಿಳಿಯುವುದು ಹೇಗೆ?

ಹಗಲು ಸೋಲಾರ್ ದೋಣಿ ಓಡಿಸಿದವರಿಗೆ ಒಂದು ಧೈರ್ಯ ಇರುತ್ತದೆ. ಬ್ಯಾಟರಿ ಇಳಿದರೆ ಅರ್ಧ ಗಂಟೆ ಮೋಟಾರ್ ನಿಲ್ಲಿಸಿ ಕೂತರಾಯಿತು, ದಡ ಸೇರುವಷ್ಟು ಕರೆಂಟು ಬಿಸಿಲೇ ಕೊಡುತ್ತದೆ. ರಾತ್ರಿ ಆ ಆಟ ನಡೆಯುವುದಿಲ್ಲ. ಹೊರಡುವಾಗ ಬ್ಯಾಟರಿಯಲ್ಲಿ ಇದ್ದದ್ದೇ ಬಂಡವಾಳ. ತಲೆ ಮೇಲಿನ ಪ್ಯಾನೆಲ್ ಆಗ ಗಾಳಿಗೆ ಒಡ್ಡಿದ ಹಲಗೆ ಅಷ್ಟೆ.

ಇಲ್ಲಿನ ಲೆಕ್ಕವೆಲ್ಲ 14–16 ಅಡಿಯ ಫೈಬರ್ ದೋಣಿ, 150 ವ್ಯಾಟ್‌ನ 2 ಪ್ಯಾನೆಲ್, 12 ವೋಲ್ಟ್ 100 ಆ್ಯಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಮತ್ತು 55 ಪೌಂಡ್ ತಳ್ಳುಬಲದ ಟ್ರೋಲಿಂಗ್ ಮೋಟಾರಿಗೆ (ದೋಣಿಯ ಅಂಚಿಗೆ ಸಿಕ್ಕಿಸುವ ಸಣ್ಣ ವಿದ್ಯುತ್ ಮೋಟಾರ್). ಜಾಗ, ಉಡುಪಿಯ ಕೆಮ್ಮಣ್ಣು ಆಸುಪಾಸಿನ ಸುವರ್ಣಾ ಹೊಳೆ. ಮಂಗಳೂರಿನವರು ಫಲ್ಗುಣಿಯಲ್ಲೂ ಇದೇ ಕ್ರಮ ಅನುಸರಿಸಬಹುದು, ಆದರೆ ಬಂದರಿನ ಕಡೆ ಮೀನುಗಾರಿಕಾ ಬೋಟುಗಳ ಓಡಾಟ ಜಾಸ್ತಿ. ಮೊದಲ ರಾತ್ರಿಗೆ ಅದು ಬೇಡ. ದೋಣಿಯ ನೋಂದಣಿ, ಅನುಮತಿಯನ್ನು ಬಂದರು ಕಚೇರಿಯಲ್ಲಿ ಕೇಳಿ ಮುಗಿಸಿಕೊಂಡಿರಿ. ಮಳೆಗಾಲದ ಮಾತೇ ಬೇಡ.

ತಿಥಿ ನೋಡಿ ದಿನ ಗೊತ್ತು ಮಾಡಿ

ಹುಣ್ಣಿಮೆಯ ಬೆಳದಿಂಗಳಿಗೆ ಮನಸ್ಸು ಎಳೆಯುತ್ತದೆ, ನೀರೂ ಅಂದೇ ಜೋರಾಗಿ ಎಳೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಉಬ್ಬರ-ಇಳಿತ ದೊಡ್ಡದು. ಶುಕ್ಲ ಪಕ್ಷದ ಅಷ್ಟಮಿಯಿಂದ ದಶಮಿಯವರೆಗಿನ ದಿನಗಳು ಒಳ್ಳೆಯವು: ಸೆಳೆತ ಕಡಿಮೆ, ಸಂಜೆಗಾಗಲೇ ಚಂದ್ರ ಮೇಲಿರುತ್ತಾನೆ, ಮುಳುಗುವುದು ನಡುರಾತ್ರಿ ಹೊತ್ತಿಗೆ ಅಥವಾ ಆಮೇಲೆ.

ಮಲ್ಪೆಯ ಉಬ್ಬರದ ಪಟ್ಟಿ ನೋಡಿ, ನೀರು ತುಂಬುವ ಒಂದು ಗಂಟೆ ಮೊದಲು ಹೊರಡಿ. ಕಲ್ಯಾಣಪುರದ ಕಡೆಗೆ, ಅಂದರೆ ಮೇಲಕ್ಕೆ ಹೋಗಿ. ಏರುವ ನೀರು ನಿಮ್ಮನ್ನು ಒಯ್ಯುತ್ತದೆ. ನೀರು ನಿಂತಾಗ ತಿರುಗಿದರೆ ಇಳಿತದ ಆರಂಭ ಮನೆಗೆ ತಂದು ಬಿಡುತ್ತದೆ. ಹೊಳೆಯ ಒಳಗೆ ನೀರು ತುಂಬುವುದು ಸಮುದ್ರ ಬಾಗಿಲಿಗಿಂತ ತಡ ಎಂಬುದು ನೆನಪಿರಲಿ. ಕೆಳಗೆ ಕೋಡಿಬೇಂಗ್ರೆಯ ದಿಕ್ಕಿಗೆ ರಾತ್ರಿ ಬೇಡವೇ ಬೇಡ. ಅಲ್ಲಿ ಸೀತಾ ನದಿಯೂ ಸೇರಿ ಅಳಿವೆಯಲ್ಲಿ ಹೊರಗೆ ನುಗ್ಗುತ್ತದೆ, ರಾತ್ರಿಯ ನೆಲಗಾಳಿ ಮೂಡಣದಿಂದ ಕಡಲಿಗೆ ಬೀಸುತ್ತದೆ. ಮೋಟಾರ್ ನಿಂತ ದೋಣಿಯನ್ನು ಇಳಿತವೂ ಗಾಳಿಯೂ ಒಂದೇ ಕಡೆ ತಳ್ಳುತ್ತವೆ, ಚಾವಣಿಯ ಪ್ಯಾನೆಲ್ ಹಾಯಿಯಂತೆ ಕೆಲಸ ಮಾಡುತ್ತದೆ.

ಸೆಳೆತದ ಬೆಲೆ ಎಷ್ಟು? ನಿಮ್ಮ ವೇಗ ಗಂಟೆಗೆ 5 ಕಿ.ಮೀ., ನೀರಿನದು 2 ಎಂದಿಟ್ಟುಕೊಳ್ಳಿ. 3 ಕಿ.ಮೀ. ದೂರಕ್ಕೆ ನೀರಿನ ಜೊತೆ 26 ನಿಮಿಷ, ಎದುರಾದರೆ ಪೂರ್ತಿ ಒಂದು ಗಂಟೆ.

ಬ್ಯಾಟರಿಯ ಲೆಕ್ಕ

ಒಳ್ಳೆಯ ಬಿಸಿಲಿನ ದಿನ 300 ವ್ಯಾಟ್ ಪ್ಯಾನೆಲ್ ಕೊಡುವುದು ಸುಮಾರು 1 ಯುನಿಟ್. ಬ್ಯಾಟರಿ ಹಿಡಿಯುವುದು 1.28 ಯುನಿಟ್. ಅಂದರೆ ಖಾಲಿ ಬ್ಯಾಟರಿ ಒಂದೇ ದಿನದಲ್ಲಿ ತುಂಬುವುದಿಲ್ಲ. ದೋಣಿಯನ್ನು ತೆಂಗಿನ ನೆರಳಲ್ಲಿ ಕಟ್ಟಿದರೆ ಅದೂ ಇಲ್ಲ; ಒಂದು ಗರಿಯ ನೆರಳು ಪ್ಯಾನೆಲಿನ ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲಿನ ಕರೆಂಟು ಕುಸಿಯುತ್ತದೆ. ಬೆಳ್ಳಕ್ಕಿ ಹಿಕ್ಕೆ, ಉಪ್ಪಿನ ಪದರವನ್ನು ಬೆಳಿಗ್ಗೆಯೇ ಸಿಹಿನೀರಲ್ಲಿ ಒರೆಸಿ.

ಮೋಟಾರನ್ನು ಪೂರ್ತಿ ಏರಿಸಿದರೆ 50 ಆ್ಯಂಪಿಯರ್ ಎಳೆಯುತ್ತದೆ, ಎರಡು ಗಂಟೆಗೆ ಬ್ಯಾಟರಿ ಮುಗಿಯಿತು. 20 ಆ್ಯಂಪಿಯರಿಗೆ ಇಳಿಸಿ. ವೇಗ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಐದು ಗಂಟೆ ಸಿಗುತ್ತದೆ. ಹೋಗಲು ಮೂರರಲ್ಲಿ ಒಂದು ಪಾಲು, ಬರಲು ಒಂದು, ಕೊನೆಯದನ್ನು ಮುಟ್ಟಬೇಡಿ.

ವೋಲ್ಟ್ ಮೀಟರ್ ನಂಬಿ ಕೆಟ್ಟವರೇ ಹೆಚ್ಚು. ಈ ಬ್ಯಾಟರಿ ಮುಕ್ಕಾಲು ತುಂಬಿದಾಗ 13.2 ತೋರಿಸಿದರೆ, ಮೂರನೇ ಒಂದು ಪಾಲು ಉಳಿದಾಗಲೂ 13ರ ಹತ್ತಿರವೇ ತೋರಿಸುತ್ತದೆ. ಆಮೇಲೆ ದಿಢೀರ್ ಎಂದು ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕರೆಂಟು ಕಡಿದುಬಿಡುತ್ತದೆ. ಶಂಟ್ (ಹರಿಯುವ ಕರೆಂಟನ್ನು ಅಳೆಯುವ ತುಂಡು) ಇರುವ ಮೀಟರ್ ಹಾಕಿಸಿ, ಖರ್ಚಾದ ಆ್ಯಂಪಿಯರ್-ಅವರ್ ಲೆಕ್ಕವನ್ನೇ ನೋಡಿ.

ಹಾಗೆ ಕಡಿದಾಗ ದೀಪಗಳೂ ಆರಿದರೆ? ಅದಕ್ಕೇ ದೀಪಕ್ಕೆ ಬೇರೆ ಬ್ಯಾಟರಿ ಇರಬೇಕು. ಯುಪಿಎಸ್‌ನ 12 ವೋಲ್ಟ್ 7 ಆ್ಯಂಪಿಯರ್-ಅವರ್ ಬ್ಯಾಟರಿ ಮೂರು ಎಲ್‌ಇಡಿ ದೀಪಗಳನ್ನು ಇಡೀ ಸಂಜೆ ಉರಿಸುತ್ತದೆ.

ಮೋಟಾರಿಗೆ 16 ಚದರ ಮಿ.ಮೀ. ವೈರ್ ಇರಲಿ, 6ರದ್ದು ಹಾಕಿದರೆ ಮೂರು ಮೀಟರ್ ದೂರದಲ್ಲೇ ಸುಮಾರು 1 ವೋಲ್ಟ್ ಸೋರಿಹೋಗುತ್ತದೆ. 60 ಆ್ಯಂಪಿಯರ್ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಹೊರಡುವ ಮುನ್ನ ಮೋಟಾರನ್ನು ನೀರಲ್ಲೇ ಐದು ನಿಮಿಷ ಜೋರಾಗಿ ಓಡಿಸಿ, ನಿಲ್ಲಿಸಿ, ಪ್ರತಿ ಟರ್ಮಿನಲ್ಲಿನ ಮೇಲೆ ಬೆರಳಿಡಿ. ಯಾವುದು ಸುಡುತ್ತದೋ ಅಲ್ಲಿ ನಟ್ ಸಡಿಲ, ಇಲ್ಲವೇ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದೆ.

ದೀಪ

ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಅವೆರಡಕ್ಕಿಂತ 1 ಮೀಟರ್ ಮೇಲೆ ಸುತ್ತಲೂ ಕಾಣುವ ಬಿಳಿ ದೀಪ. ಬಿಳಿ ದೀಪ ಪ್ಯಾನೆಲಿಗಿಂತ ಎತ್ತರದ ಕಂಬದ ಮೇಲಿರಬೇಕು. ಚಾವಣಿಯ ಕೆಳಗೆ ಕಟ್ಟಿದರೆ ಹಿಂದಿನವರಿಗೆ ಕಾಣುವುದಿಲ್ಲ, ನಿಮ್ಮ ಕಣ್ಣನ್ನೇ ಕುಕ್ಕುತ್ತದೆ. ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆಯಾದರೂ ಬೇಕು. ಒಂದು ಫೋನ್ ಬೆಳಗಿದರೆ ಅದೆಲ್ಲ ವ್ಯರ್ಥ, ಹಾಗಾಗಿ ಒಳಗೆ ಕೆಂಪು ಟಾರ್ಚ್ ಮಾತ್ರ. ಎದುರಿನ ದೋಣಿಯ ಕೆಂಪು, ಹಸಿರು ಎರಡೂ ಕಂಡರೆ ಅದು ನೇರ ನಿಮ್ಮತ್ತಲೇ ಬರುತ್ತಿದೆ, ಬಲಕ್ಕೆ ಸರಿಯಿರಿ. ದೀಪವೇ ಇಲ್ಲದ ಮರಳು ದೋಣಿ, ಮೀನಿನ ಪಂಜರ, ಬಲೆಯ ತೇಲುಗಳೂ ಇರುತ್ತವೆ. ಮುಂದೆ ಒಬ್ಬರು ಕೂತು ನೋಡುತ್ತಲೇ ಇರಲಿ. ಹೋಗುವ ದಾರಿಯನ್ನು ಅದೇ ದಿನ ಹಗಲಲ್ಲಿ, ಇಳಿತದ ಹೊತ್ತಿಗೆ ಒಮ್ಮೆ ನೋಡಿ ಬಂದಿರಿ. ದಿಬ್ಬಗಳು ಆಗಲೇ ಕಾಣುವುದು.

ಮೋಟಾರ್ ನಿಂತರೆ

ಮೊದಲು ಲಂಗರು. 3–4 ಕಿಲೋದ ಕೊಕ್ಕೆ ಲಂಗರಿಗೆ 10 ಮಿ.ಮೀ. ನೈಲಾನ್ ಹಗ್ಗ 30 ಮೀಟರ್. ಆಳದ ಐದರಿಂದ ಏಳು ಪಟ್ಟು ಬಿಡಬೇಕು, ಕಡಿಮೆಯಾದರೆ ಲಂಗರು ಕಚ್ಚದೆ ಎಳೆದುಕೊಂಡೇ ಬರುತ್ತದೆ. ದೋಣಿ ನಿಂತ ಮೇಲೆ ಕಾರಣ ಹುಡುಕಿ. ಹೆಚ್ಚಿನ ಸಲ ಅದು ಪ್ರೊಪೆಲ್ಲರಿಗೆ ಸುತ್ತಿದ ಬಲೆಯ ನೂಲು. ಬ್ರೇಕರ್ ಇಳಿಸಿದ ಮೇಲೆಯೇ ಮೋಟಾರ್ ಎತ್ತಿ, ಚೂರಿಯಿಂದ ಕತ್ತರಿಸಿ. ಪ್ರೊಪೆಲ್ಲರನ್ನು ಹಿಡಿದಿಡುವ ಪಿನ್ ಮುರಿದಿದ್ದರೆ ಹಾಕಲು ಎರಡು ಪಿನ್ ಜೇಬಿನಲ್ಲಿರಲಿ. ಅದೂ ಆಗದಿದ್ದರೆ ಎರಡು ಹುಟ್ಟು, ಒಂದು ಉದ್ದದ ಜಲ್ಲೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬದಿಗೆ ಜಲ್ಲೆ ಊರಿಯೇ ಹೋಗಬಹುದು.

ಎಲ್ಲರ ಮೈಮೇಲೂ ಸೀಟಿ ಕಟ್ಟಿದ ಲೈಫ್ ಜಾಕೆಟ್ ಇರಲಿ; ಸೀಟಿನ ಕೆಳಗಿಟ್ಟದ್ದು ಲೆಕ್ಕಕ್ಕಿಲ್ಲ. ಓಡಿಸುವವರ ಮಣಿಕಟ್ಟಿಗೆ ಕಿಲ್ ಸ್ವಿಚ್ಚಿನ ದಾರ; ಅವರು ನೀರಿಗೆ ಬಿದ್ದರೆ ದಾರ ಎಳೆದು ಮೋಟಾರ್ ನಿಲ್ಲುತ್ತದೆ. ಫೋನ್ ನೀರು ತಾಗದ ಚೀಲದಲ್ಲಿ, ಅದರಲ್ಲಿ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554. ದಡದಲ್ಲೊಬ್ಬರಿಗೆ ವಾಪಸಾಗುವ ಹೊತ್ತು ಹೇಳಿರಿ. ಆ ಹೊತ್ತಿಗೆ ಅರ್ಧ ಗಂಟೆ ಮೀರಿದರೆ ಫೋನ್ ಮಾಡುವುದು ಅವರ ಕೆಲಸ.

ವಾಪಸು ಬಂದು ದೋಣಿ ಕಟ್ಟಿದ ಮೇಲೆ ಬ್ರೇಕರ್ ಇಳಿಸಿ, ಮೋಟಾರಿಗೆ ಸಿಹಿನೀರು ಸುರಿಯಿರಿ, ಮೀಟರಿನ ಅಂಕಿ ಬರೆದಿಡಿ. ಖರ್ಚು 70 ಆ್ಯಂಪಿಯರ್-ಅವರ್ ದಾಟಿದ್ದರೆ ನಾಳೆ ರಾತ್ರಿ ದೋಣಿ ಕಟ್ಟಿದಲ್ಲೇ ಇರಲಿ.