ಗಬ್ಬದ ಕುದುರೆಯನ್ನು ಬೆಂಗಳೂರಿಗೆ ತರಿಸುವ ಮುನ್ನ

ವಿದೇಶದ ಹರಾಜಿನಲ್ಲಿ ಗಬ್ಬದ ಹೆಣ್ಣುಕುದುರೆಯನ್ನು ಕೊಂಡು ಬೆಂಗಳೂರಿನ ಸುತ್ತಲಿನ ಸ್ಟಡ್ ಫಾರ್ಮಿಗೆ ತರಿಸುವವರು ವಂಶಾವಳಿಯ ಪುಟ ತೆರೆಯುವ ಮೊದಲೇ, ಅದನ್ನು ಕೊನೆಯ ಸಲ ಗಂಡುಕುದುರೆಗೆ ಬಿಟ್ಟ ದಿನಾಂಕವನ್ನು ಲಿಖಿತವಾಗಿ ಪಡೆದುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಆ ದಿನಾಂಕದಿಂದಲೇ ಆರಂಭವಾಗುತ್ತದೆ. ಕುದುರೆಯ ಗರ್ಭಾವಧಿ ಸುಮಾರು 340 ದಿನ. ವಿಮಾನ ಪ್ರಯಾಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಸಂಹಿತೆ 300 ದಿನಗಳ ಮಿತಿ ಹಾಕಿದೆ. ಐರೋಪ್ಯ ಒಕ್ಕೂಟದ 2005ರ ನಿಯಮವಂತೂ ಗರ್ಭಾವಧಿಯ ಶೇ. 90ರಷ್ಟು ಕಳೆದ ಪ್ರಾಣಿ ಪ್ರಯಾಣಕ್ಕೆ ಯೋಗ್ಯವಲ್ಲವೆಂದೇ ಹೇಳುತ್ತದೆ. ಫೆಬ್ರವರಿ ನಡುವಿನಲ್ಲಿ ಗಬ್ಬವಾದ ಕುದುರೆಗೆ ಡಿಸೆಂಬರ್ ಎರಡನೆಯ ವಾರಕ್ಕೆ 300 ದಿನ ತುಂಬುತ್ತದೆ. ಡಿಸೆಂಬರ್ ಹರಾಜಿನಲ್ಲಿ ಅದನ್ನು ಕೊಂಡವರಿಗೆ, ಹೊರಡುವ ಮೊದಲಿನ ಕ್ವಾರಂಟೈನ್ ಮತ್ತು ರಕ್ತಪರೀಕ್ಷೆಗಳಿಗೆ ವಾರಗಳೇ ಬೇಕಾಗುವುದರಿಂದ, ಆ ಸಲ ಗಬ್ಬದಲ್ಲೇ ತರಿಸುವ ದಾರಿ ಇರುವುದಿಲ್ಲ. ಮೇ ನಡುವಿನಲ್ಲಿ ಗಬ್ಬವಾದದ್ದಕ್ಕೆ ಮಾರ್ಚ್ ಎರಡನೆಯ ವಾರದವರೆಗೆ ಅವಕಾಶವಿರುತ್ತದೆ.

ಪಶು ಆಮದು ಕಾಯ್ದೆ 1898ರದ್ದು. ಅದರಡಿ ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ಕೊಡುವ ಆರೋಗ್ಯ ಸಂಬಂಧಿ ಆಮದು ಪರವಾನಗಿ ಕೈಗೆ ಬರುವ ಮೊದಲು ವಿಮಾನದಲ್ಲಿ ಜಾಗ ಕಾಯ್ದಿರಿಸಬೇಡಿ. ಬಂದಿಳಿದ ಕುದುರೆಯನ್ನು ಪರಿಶೀಲಿಸುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಅಲ್ಲಿನ ಅಧಿಕಾರಿಗೆ ಗಬ್ಬದ ವಿಷಯವನ್ನು ಮುಂಚಿತವಾಗಿ ತಿಳಿಸಿ, ಕ್ವಾರಂಟೈನ್‌ನಲ್ಲಿಯೇ ಮರಿ ಹುಟ್ಟಿದರೆ ಯಾವ ಪರೀಕ್ಷೆಗಳಾಗಬೇಕೆಂದು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಪರವಾನಗಿಯ ಷರತ್ತುಗಳಲ್ಲಿ ಕಾಣುವ ರೋಗಗಳೆಲ್ಲ ಒಂದೇ ತೂಕದವಲ್ಲ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುತ್ತದೆ. ಸಾಂಕ್ರಾಮಿಕ ಗರ್ಭಕೋಶದ ಉರಿಯೂತ 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಮೊದಲು ಪತ್ತೆಯಾಯಿತು. ಹೊರನೋಟಕ್ಕೆ ಆರೋಗ್ಯವಾಗಿರುವ ಹೆಣ್ಣುಕುದುರೆಯೂ ಅದರ ರೋಗಾಣುವನ್ನು ಹೊತ್ತಿರಬಹುದಾದ್ದರಿಂದ ಜನನಾಂಗದ ಸ್ವಾಬ್ ಪರೀಕ್ಷೆ ಅನಿವಾರ್ಯ. ಆದರೆ ಗಬ್ಬದ ಕುದುರೆಯ ವಿಷಯದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಕುದುರೆಗಳ ಹರ್ಪಿಸ್ ವೈರಸ್-1. ಅದು ಮೈಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಪ್ರಯಾಣದ ಬಳಲಿಕೆಯಲ್ಲಿ ಎಚ್ಚೆತ್ತು, ಸಾಮಾನ್ಯವಾಗಿ ಏಳನೆಯ ತಿಂಗಳ ನಂತರ ಕುದುರೆ ಕಂದು ಹಾಕುವಂತೆ ಮಾಡುತ್ತದೆ. ಐದು, ಏಳು ಮತ್ತು ಒಂಬತ್ತನೆಯ ತಿಂಗಳುಗಳಲ್ಲಿ ಲಸಿಕೆ ಹಾಕಿಸುವುದು ರೂಢಿ. ಆ ನಮೂದುಗಳು ಕುದುರೆಯ ಗುರುತಿನ ಪುಸ್ತಿಕೆಯಾದ ಪಾಸ್‌ಪೋರ್ಟಿನಲ್ಲಿವೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಒಂದು ವೇಳೆ ಕಂದು ಹಾಕಿದರೆ, ಭ್ರೂಣವನ್ನೂ ಮಾಸನ್ನೂ ಹೂಳಿಬಿಡದೆ, ಸೋರದ ಡಬ್ಬಿಯಲ್ಲಿಟ್ಟು ಕೂಡಲೇ ಕ್ವಾರಂಟೈನ್ ಅಧಿಕಾರಿಗೆ ತಿಳಿಸಬೇಕು.

2007ರಲ್ಲಿ ಆಸ್ಟ್ರೇಲಿಯಾದಲ್ಲಿ ಕುದುರೆ ಇನ್‌ಫ್ಲುಯೆಂಜಾ ಹಬ್ಬಿದಾಗ, ವೈರಸ್ಸು ಕ್ವಾರಂಟೈನ್‌ನಿಂದ ಹೊರಬಿದ್ದದ್ದು ಬಹುತೇಕ ಜನರ ಅಥವಾ ಸಲಕರಣೆಗಳ ಮೂಲಕ ಎಂದು ತನಿಖೆ ಕಂಡುಕೊಂಡಿತು. ಆದ್ದರಿಂದ ಕ್ವಾರಂಟೈನ್‌ನಲ್ಲಿ ಕುದುರೆ ನೋಡಿಕೊಂಡ ಸೈಸ್ (ಲಾಯದ ಆಳು) ಅದೇ ಬಟ್ಟೆ, ಅದೇ ಬೂಟಿನಲ್ಲಿ ರೇಸ್ ಕೋರ್ಸ್ ರಸ್ತೆಯ ಲಾಯಕ್ಕೆ ಹೋಗಬಾರದು. ಅವನಿಗೆ ಬೇರೆ ಬಕೆಟ್ಟು, ಬೇರೆ ಬ್ರಷ್ಷು ಕೊಡಿಸುವುದು ಅಗ್ಗದ ವಿಮೆ.

ವಿಮಾನದಲ್ಲಿ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಿದರೆ ಶ್ವಾಸನಾಳದ ಕಫ ಕೆಳಗಿಳಿಯದೆ ಶ್ವಾಸಕೋಶದ ಸೋಂಕಾಗಬಹುದು. ಹಗ್ಗ ಸಡಿಲವಿರಲಿ, ನೆನೆಸಿದ ಹುಲ್ಲು ಕೆಳಮಟ್ಟದಲ್ಲಿರಲಿ, ಆಗಾಗ ನೀರು ಕೊಡಲಿ. ರಸ್ತೆಯ ಪಯಣಕ್ಕೆ 1978ರ ಪ್ರಾಣಿ ಸಾಗಣೆ ನಿಯಮಗಳು ಅನ್ವಯಿಸುತ್ತವೆ. ಗಬ್ಬದ ಕುದುರೆಯನ್ನು ಬೇರೆ ಪ್ರಾಣಿಗಳೊಂದಿಗೆ ಬೆರೆಸುವಂತಿಲ್ಲ. ದೇವನಹಳ್ಳಿಯಿಂದ ಕುಣಿಗಲ್ ಕಡೆಗೆ ಹೊರಡುವವರು ರಾತ್ರಿಯ ಹೊತ್ತನ್ನು ಆರಿಸಿಕೊಳ್ಳಲಿ. ಸಂಜೆಯ ಹೆಬ್ಬಾಳದಲ್ಲಿ ಮನುಷ್ಯರಿಗೇ ತಾಳ್ಮೆ ಉಳಿಯುವುದಿಲ್ಲ.

ಈದ ಮೇಲೆ ಮರಿಗೆ ಮೊದಲ ರಕ್ಷಣೆ ಗಿಣ್ಣುಹಾಲಿನಿಂದಲೇ ಸಿಗಬೇಕು. ಹೊಸ ಲಾಯದ ರೋಗಾಣುಗಳಿಗೆ ತಾಯಿಯ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿ ಆ ಹಾಲಿಗಿಳಿಯಲು ನಾಲ್ಕರಿಂದ ಆರು ವಾರ ಬೇಕು. ಕ್ವಾರಂಟೈನ್‌ನ ದಿನಗಳನ್ನೂ ಇದಕ್ಕೆ ಕೂಡಿಸಿದರೆ, 300ನೆಯ ದಿನದವರೆಗೆ ಕಾಯದೆ ಎಂಟನೆಯ ತಿಂಗಳೊಳಗೇ ಕುದುರೆಯನ್ನು ಇಳಿಸಿಕೊಳ್ಳುವುದು ಸರಿ.