ಬಂಡೆ ಏರುವ ಜೀಪು: ಮನೆಯಂಗಳದಲ್ಲೇ ಕಟ್ಟುವುದು ಹೇಗೆ?

ಕೊಡಗಿನ ತೋಟಗಳಲ್ಲಿ ಹಳೇ ಜೀಪಿಗೆ ಬರವಿಲ್ಲ. ಕಾಫಿ ಮೂಟೆ ಹೊತ್ತು ಸವೆದ ಮಹೀಂದ್ರಾ ಎಂಎಂ 540 ಇರಲಿ, ಮಾರುತಿ ಜಿಪ್ಸಿ ಇರಲಿ, ಎರಡಕ್ಕೂ ಹಿಂದೆ ಮುಂದೆ ಗಟ್ಟಿ ಆ್ಯಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಅಖಂಡ ಅಚ್ಚು ಇದೆ. ಬಂಡೆ ಏರುವ ಗಾಡಿಗೆ ಅದೇ ಬುನಾದಿ. ಬಹಳ ಮಂದಿ ದೊಡ್ಡ ಎಂಜಿನ್ ಹುಡುಕುತ್ತಾ ಹೊರಡುತ್ತಾರೆ, ಕೈಯಲ್ಲಿದ್ದ ಹಣ ಅಲ್ಲೇ ಮುಗಿಯುತ್ತದೆ. ಮೊದಲು ನೋಡಬೇಕಾದದ್ದು ಗೇರು.

ಒಂದನೇ ಗೇರು, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆ್ಯಕ್ಸಲ್‌ಗಳಿಗೆ ಬಲ ಹಂಚುವ ಪೆಟ್ಟಿಗೆ) ಲೋ ಗೇರು, ಆ್ಯಕ್ಸಲ್ ಅನುಪಾತ ಮೂರನ್ನೂ ಗುಣಿಸಿ. 4, 2.46, 5.38 ಇದ್ದರೆ ಸುಮಾರು 53 ಬರುತ್ತದೆ. ಅಂದರೆ ಎಂಜಿನ್ 53 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು; ಗಾಡಿ ನಿಧಾನ, ಬಲ ಹೆಚ್ಚು. ಟೈರು ದೊಡ್ಡದಾದಷ್ಟೂ ಈ ಲಾಭ ಕರಗುತ್ತದೆ. ಆ್ಯಕ್ಸಲಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಹಿಡಿಯುವ ಡಿಫರೆನ್ಷಿಯಲ್ ಲಾಕರ್ ಕೂಡ ಬೇಕೇ ಬೇಕು. ಇಲ್ಲದಿದ್ದರೆ ಒಂದು ಚಕ್ರ ಗಾಳಿಗೆದ್ದ ಕೂಡಲೇ ಅದೊಂದೇ ಸುಮ್ಮನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾಗುವ ಏಪ್ರಿಲ್, ಮೇ ಈ ಕೆಲಸಕ್ಕೆ ಒಳ್ಳೆಯ ಸಮಯ. ಕಣದಲ್ಲಿ ನೀರಿಳಿಯಲು ಸಣ್ಣ ಇಳಿಜಾರು ಇರುತ್ತದೆ. ಹಾಗಾಗಿ ಮೇಸ್ತ್ರಿಗಳು ಹಿಡಿಯುವ ನೀರಿನ ಟ್ಯೂಬಿನಿಂದ ಲೆವೆಲ್ ನೋಡಿಕೊಂಡೇ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ.

ಈಗ ಸಸ್ಪೆನ್ಷನ್. ಇಲ್ಲಿ ಅವಸರ ಬೇಡವೇ ಬೇಡ. ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ತೆಗೆದು ನಾಲ್ಕು ಲಿಂಕ್, ಅಂದರೆ ಆ್ಯಕ್ಸಲನ್ನು ಚಾಸಿಗೆ ಜೋಡಿಸುವ ನಾಲ್ಕು ಸರಳು, ಹಾಕುವುದಾದರೆ ಮೇಲಿನೆರಡನ್ನು ಓರೆಯಾಗಿಡಿ. ಆಗ ಆ್ಯಕ್ಸಲ್ ಅಕ್ಕಪಕ್ಕ ಸರಿಯುವುದಿಲ್ಲ. ಬ್ರಾಕೆಟ್‌ಗಳಿಗೆ ಬರೀ ಚುಕ್ಕೆ ವೆಲ್ಡಿಂಗ್ ಮಾಡಿ, ಸ್ಪ್ರಿಂಗ್ ಇಲ್ಲದೆಯೇ ಒಂದು ಬದಿಯ ಚಕ್ರವನ್ನು ಜಾಕಿಯಿಂದ ಪೂರ್ತಿ ಎತ್ತಿ, ಇನ್ನೊಂದನ್ನು ಇಳಿಬಿಡಿ. ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಟೈರು ಲಿಂಕಿಗೆ ತಾಗುತ್ತದೆಯೇ? ಆ್ಯಕ್ಸಲ್ ಎಂಜಿನ್ ಸಂಪಿಗೆ (ಕೆಳಗಿನ ಆಯಿಲ್ ತೊಟ್ಟಿಗೆ) ಬಡಿಯುತ್ತದೆಯೇ? ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ? ಆ್ಯಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಜಾರು ಜೋಡಣೆಯಿಂದ ಕಳಚಿಬರುವಷ್ಟು ಹಿಗ್ಗುತ್ತದೆಯೇ? ಎಲ್ಲವೂ ಸರಿ ಎಂದಾದ ಮೇಲೆಯೇ ಪೂರ್ತಿ ವೆಲ್ಡಿಂಗ್.

ಗಾಡಿ ಉರುಳಿದರೆ ಒಳಗಿದ್ದವರನ್ನು ಕಾಯುವ ಪೈಪ್ ಪಂಜರವೇ ರೋಲ್ ಕೇಜ್. ಅದಕ್ಕೆ ನೀರಿನ ಜಿಐ (ಸತು ಲೇಪಿತ) ಪೈಪ್ ಖಂಡಿತ ಬೇಡ. ವೆಲ್ಡಿಂಗ್ ಮಾಡುವಾಗ ಅದರ ಸತುವಿನ ಹೊಗೆ ವಿಷ, ಬೆಸುಗೆಯೂ ನಂಬಿಕೆಗೆ ತಕ್ಕದ್ದಲ್ಲ. ಸುಮಾರು 44 ಮಿಮೀ ಹೊರವ್ಯಾಸ, 3 ಮಿಮೀ ದಪ್ಪದ ಸೀಮ್‌ಲೆಸ್ ಉಕ್ಕಿನ ಪೈಪ್ ತಂದು ಬೆಂಡಿಂಗ್ ಮೆಷಿನ್ನಿನಲ್ಲೇ ಬಾಗಿಸಿ. ಚೌಕಗಳಿಗೆ ಓರೆ ಪೈಪ್ ಕೊಟ್ಟು ತ್ರಿಕೋನ ಮಾಡಿ. ವೆಲ್ಡಿಂಗ್‌ಗೆ ಮುಂಚೆ ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಕಳಚಿಡಿ. ಬದುಕಿಸುವುದು ಈ ಕೇಜೇ. ವೆಲ್ಡಿಂಗ್ ಕೈ ಇನ್ನೂ ಪಳಗಿಲ್ಲದಿದ್ದರೆ ಪಳಗಿದವರನ್ನೇ ಕರೆಸಿ.

ಇಷ್ಟು ಬದಲಾದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ವಾಹನದ ಮೂಲ ವಿವರ ಬದಲಿಸುವುದನ್ನು ತಡೆಯುವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಲಾರಿಯಲ್ಲಿ ಸಾಗಿಸಿ, ಸ್ವಂತ ಜಾಗದಲ್ಲೋ ಸ್ಪರ್ಧೆಯ ಟ್ರ್ಯಾಕಿನಲ್ಲೋ ಓಡಿಸಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳತ್ತ ಮೂತಿ ತಿರುಗಿಸಲೇಬೇಡಿ. ಹೊಳೆಯ ಕಲ್ಲುಗಳನ್ನೂ ಕೆಣಕಬೇಡಿ.

ಮೊದಲ ಓಟಕ್ಕೆ ಟೈರಿನ ಗಾಳಿಯನ್ನು 12 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಬೆಲ್ಟ್, ಹೆಲ್ಮೆಟ್ ಹಾಕಿ, ಮೊಣಕಾಲೆತ್ತರದ ಕಲ್ಲನ್ನಷ್ಟೇ ಹತ್ತಿಸಿ. ಇಳಿದ ಕೂಡಲೇ ಪ್ರತಿ ಬೋಲ್ಟ್ ಬಿಗಿ ನೋಡಿ, ಬೆಸುಗೆಗಳನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ ಟಾರ್ಚ್ ಬಿಟ್ಟು ಬಿರುಕು ಹುಡುಕಿ.